ಕಾಳು ಎಲ್ಲಿ ಬೆಳೆಯುತ್ತದೆ, ಗಾಣ ಎಲ್ಲಿ ತಿರುಗುತ್ತದೆ



ಭಾರತ ಮತ್ತು ಚೀನಾ ಎರಡೂ ತಮ್ಮ ಜನಕ್ಕೆ ಬೇಕಾದಷ್ಟು ಅಡುಗೆ ಎಣ್ಣೆಯನ್ನು ತಮ್ಮ ಹೊಲಗಳಿಂದಲೇ ಪಡೆಯಲಾಗದ ದೇಶಗಳು. ಜನಸಂಖ್ಯೆಯಲ್ಲಿ ಹೆಚ್ಚುಕಡಿಮೆ ಸಮಾನವಾದ ಈ ಎರಡೂ ದೇಶಗಳು ಕಳೆದ ಶತಮಾನದ ಕೊನೆಯ ದಶಕದಲ್ಲಿ ಈ ಕೊರತೆಯನ್ನು ಆಮದಿನಿಂದ ತುಂಬಿಕೊಳ್ಳುವ ತೀರ್ಮಾನಕ್ಕೆ ಬಂದವು. ಚೀನಾ ಕಾಳು ತರಿಸಿಕೊಂಡಿತು, ನಾವು ಎಣ್ಣೆ ತರಿಸಿಕೊಂಡೆವು. 2020ರಲ್ಲಿ ಚೀನಾದ ಬಂದರುಗಳಲ್ಲಿ ಇಳಿದ ಸೋಯಾ ಕಾಳು 10 ಕೋಟಿ ಟನ್ನಿನ ಗಡಿ ದಾಟಿತು. 2022–23ರ ಎಣ್ಣೆ ವರ್ಷದಲ್ಲಿ ಭಾರತ ತರಿಸಿಕೊಂಡ ಖಾದ್ಯತೈಲ ಸುಮಾರು 165 ಲಕ್ಷ ಟನ್. ಈ ಎರಡು ದಾರಿಗಳ ನಡುವಿನ ಅಂತರವನ್ನು ಅರಿಯಬೇಕಾದರೆ ಬೆಳೆಯ ಅಂಕಿಅಂಶ ಸಾಲದು, ಆಮದಿನ ಅಂಕಿಅಂಶವೂ ಸಾಲದು. ಯಾವ ದೇಶದಲ್ಲಿ ಎಷ್ಟು ಕಾಳು ಮಿಲ್ಲಿಗೆ ಹೋಯಿತು, ಅಲ್ಲಿ ಅರೆದ ಪ್ರಮಾಣ ಎಷ್ಟು, ಆ ಪ್ರಮಾಣ ದಶಕದಿಂದ ದಶಕಕ್ಕೆ ಹೇಗೆ ಬದಲಾಯಿತು ಎಂಬ ಲೆಕ್ಕ ಬೇಕು. ಇಂದಿನ ಉಪನ್ಯಾಸದ ವಿಷಯ ಆ ಲೆಕ್ಕ.

ನಾನು ಮಂಡಿಸುವ ವಾದ ಇಷ್ಟು. ಎಣ್ಣೆಕಾಳು ಅರೆಯುವ ಪ್ರಮಾಣ ಒಂದು ದೇಶದ ರೈತನ ಸಾಮರ್ಥ್ಯವನ್ನು ಹೇಳುವ ಅಂಕಿಯಲ್ಲ. ಕಾಳಿನ ಮೇಲಿನ ಸುಂಕಕ್ಕೂ ಎಣ್ಣೆಯ ಮೇಲಿನ ಸುಂಕಕ್ಕೂ ಇರುವ ವ್ಯತ್ಯಾಸ, ಹಿಂಡಿಯನ್ನು ತಿನ್ನುವ ದನ, ಹಂದಿ, ಕೋಳಿಗಳ ಸಂಖ್ಯೆ, ಮಿಲ್ಲಿನಿಂದ ಬಂದರಿಗಿರುವ ದೂರ, ಇವು ಮೂರೂ ಸೇರಿ ಗಾಣ ಎಲ್ಲಿ ತಿರುಗಬೇಕೆಂದು ನಿರ್ಧರಿಸುತ್ತವೆ. ಇವುಗಳಲ್ಲಿ ನಮ್ಮ ನೀತಿ ನಿರೂಪಕರು ಗಮನಿಸಿದ್ದು ಮೊದಲನೆಯದನ್ನು ಮಾತ್ರ, ಅದನ್ನೂ ಅರ್ಧಕ್ಕೆ. ಹಿಂಡಿಯನ್ನಂತೂ ಮರೆತೇಬಿಟ್ಟರು.

ಅಂಕಿಗಳಿಗೆ ಹೋಗುವ ಮೊದಲು ಮಿಲ್ಲಿನ ಒಳಗೆ ನಡೆಯುವುದನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ಚಳ್ಳಕೆರೆ ಕಡೆಯ ಒಂದು ಎಣ್ಣೆ ಮಿಲ್ಲಿಗೆ ನೂರು ಕಿಲೋ ಶೇಂಗಾ ಬಂತು ಎನ್ನಿ. ಸಿಪ್ಪೆ ಬಿಡಿಸುವ ಯಂತ್ರದಿಂದ ಹೊರಬರುವಾಗ ಅದು ಸುಮಾರು ಎಪ್ಪತ್ತು ಕಿಲೋ ಬೀಜ. ಬೀಜವನ್ನು ಹಬೆಯಲ್ಲಿ ಬಿಸಿ ಮಾಡಿ ಎಕ್ಸ್‌ಪೆಲ್ಲರಿನ ಬಾಯಿಗೆ ಸುರಿಯುತ್ತಾರೆ. ಒಳಗಿನ ಉಕ್ಕಿನ ತಿರುಪು ಬೀಜವನ್ನು ಮುಂದೆ ಮುಂದೆ ಒತ್ತುತ್ತಾ ಹೋಗುತ್ತದೆ. ಸುತ್ತಲಿನ ಪಟ್ಟಿಗಳ ಸಂದಿನಿಂದ ಎಣ್ಣೆ ಜಿನುಗಿ ತೊಟ್ಟಿಗೆ ಬೀಳುತ್ತದೆ. ಇನ್ನೊಂದು ತುದಿಯಿಂದ ಹಿಂಡಿ ಬಿಸಿಬಿಸಿ ಚಕ್ಕೆಗಳಾಗಿ ಹೊರಬರುತ್ತದೆ. ಆ ಚಕ್ಕೆಯಲ್ಲಿ ಇನ್ನೂ ಶೇ. 6ರಿಂದ 8ರಷ್ಟು ಎಣ್ಣೆ ಉಳಿದಿರುತ್ತದೆ. ಅದು ದನದ ಮೇವಿಗೆ ನೇರವಾಗಿ ಹೋಗಬಹುದು, ಇಲ್ಲವೆ ಸಾಲ್ವೆಂಟ್ ಘಟಕಕ್ಕೆ ಹೋಗಬಹುದು. ಅಲ್ಲಿ ಹೆಕ್ಸೇನ್ ಎಂಬ ದ್ರಾವಕ ಹಿಂಡಿಯ ಮೂಲಕ ಹಾದು ಉಳಿದ ಎಣ್ಣೆಯನ್ನೂ ಎಳೆದುಕೊಳ್ಳುತ್ತದೆ. ದ್ರಾವಕವನ್ನು ಕಾಯಿಸಿ ಆವಿಯಾಗಿಸಿ ಮತ್ತೆ ಹಿಡಿದಿಟ್ಟುಕೊಂಡ ಮೇಲೆ ಹಿಂಡಿಯಲ್ಲಿ ಉಳಿಯುವ ಎಣ್ಣೆ ಶೇ. 1ಕ್ಕಿಂತ ಕಡಿಮೆ.

ಈ ಸಾಮಾನ್ಯ ಪ್ರಕ್ರಿಯೆಯಲ್ಲೇ ಲೆಕ್ಕದ ಮೊದಲ ತೊಡಕು ಅಡಗಿದೆ. ಮಿಲ್ಲಿಗೆ ಬಂದದ್ದು ನೂರು ಕಿಲೋ ಎಂದು ಬರೆಯಬೇಕೆ, ಎಪ್ಪತ್ತು ಎಂದು ಬರೆಯಬೇಕೆ? ಕೆಲವು ದೇಶಗಳ ಪಟ್ಟಿಯಲ್ಲಿ ಶೇಂಗಾ ಸಿಪ್ಪೆಸಹಿತ ತೂಕದಲ್ಲಿರುತ್ತದೆ, ಕೆಲವುಗಳಲ್ಲಿ ಬೀಜದ ತೂಕದಲ್ಲಿ. ಅದೇ ಹಿಂಡಿ ಸಾಲ್ವೆಂಟ್ ಘಟಕಕ್ಕೆ ಹೋದಾಗ ಅಲ್ಲಿಯ ದಾಖಲೆಯಲ್ಲಿ ಸಂಸ್ಕರಿಸಿದ ಸರಕು ಎಂದು ಮತ್ತೊಮ್ಮೆ ದಾಖಲಾಗುತ್ತದೆ. ಎರಡನ್ನೂ ಕೂಡಿದರೆ ಒಂದೇ ಕಾಳು ಎರಡು ಬಾರಿ ಎಣಿಕೆಯಾಗುತ್ತದೆ. ನಮ್ಮ ಸಾಲ್ವೆಂಟ್ ಘಟಕಗಳು ಅಕ್ಕಿ ತೌಡನ್ನೂ ಸಂಸ್ಕರಿಸುತ್ತವೆ. ತೌಡು ಎಣ್ಣೆಕಾಳೇ ಅಲ್ಲ. ಭಾರತದ ಒಟ್ಟು ಸಂಸ್ಕರಣೆಯ ಅಂಕಿಯನ್ನು ಅಮೆರಿಕದ ಅಂಕಿಯ ಪಕ್ಕದಲ್ಲಿಡುವವರು ಈ ಮೂರನ್ನೂ ಮೊದಲು ಬಿಡಿಸಿಕೊಳ್ಳಬೇಕು.

ಎರಡನೆಯ ತೊಡಕು ಕಾಳಿನ ಗುಣದ್ದು. ನೂರು ಕಿಲೋ ಸೋಯಾ ಅರೆದರೆ ಸಿಗುವ ಎಣ್ಣೆ 18–19 ಕಿಲೋ, ಹಿಂಡಿ ಸುಮಾರು 80 ಕಿಲೋ. ಸೂರ್ಯಕಾಂತಿಯಲ್ಲಾಗಲಿ ಕೆನಡಾದ ಕೆನೋಲಾದಲ್ಲಾಗಲಿ ಎಣ್ಣೆಯೇ 40 ಕಿಲೋ ದಾಟುತ್ತದೆ. ಕೊಬ್ಬರಿಯಲ್ಲಿ 60 ಕಿಲೋಗೂ ಹೆಚ್ಚು. ಒಂದು ದೇಶ 1 ಕೋಟಿ ಟನ್ ಸೋಯಾ ಅರೆದಿದೆ, ಇನ್ನೊಂದು 1 ಕೋಟಿ ಟನ್ ಸೂರ್ಯಕಾಂತಿ ಅರೆದಿದೆ ಎನ್ನೋಣ. ಪಟ್ಟಿಯಲ್ಲಿ ಎರಡೂ ಸಮಾನ. ಎಣ್ಣೆಯಲ್ಲಿ ಎರಡನೆಯದು ಮೊದಲನೆಯದರ ಎರಡು ಪಟ್ಟಿಗಿಂತ ಮುಂದೆ, ಹಿಂಡಿಯಲ್ಲಿ ಮೊದಲನೆಯದು ಬಹಳ ಮುಂದೆ. ಸೋಯಾ ಒಂದು ಅರ್ಥದಲ್ಲಿ ಹಿಂಡಿಯ ಬೆಳೆ, ಎಣ್ಣೆ ಅದರ ಜೊತೆಗೆ ಬರುವ ಸರಕು. ಜಗತ್ತಿನಲ್ಲಿ ಅರೆಯುವ ಎಣ್ಣೆಕಾಳುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸೋಯಾ ಆದ್ದರಿಂದ ಒಟ್ಟು ಮೊತ್ತವನ್ನು ನೋಡುವವರು ತಮಗೆ ಗೊತ್ತಿಲ್ಲದೆಯೇ ಹಿಂಡಿಯ ಬೇಡಿಕೆಯನ್ನು ನೋಡುತ್ತಿರುತ್ತಾರೆ. ಇನ್ನು ಜಗತ್ತಿಗೆ ಅತಿ ಹೆಚ್ಚು ತಾಳೆ ಎಣ್ಣೆ ಕೊಡುವ ಇಂಡೊನೇಷ್ಯಾ ಈ ಪಟ್ಟಿಗಳಲ್ಲಿ ಚಿಕ್ಕದಾಗಿ ಕಾಣುತ್ತದೆ. ತಾಳೆಹಣ್ಣಿನ ತಿರುಳಿನಿಂದ ತೆಗೆದ ಎಣ್ಣೆಯನ್ನು ಕಾಳು ಅರೆಯುವ ಲೆಕ್ಕಕ್ಕೆ ಸೇರಿಸುವುದಿಲ್ಲ. ಒಳಗಿನ ಬೀಜವನ್ನು ಅರೆದದ್ದಷ್ಟೇ ಲೆಕ್ಕಕ್ಕೆ ಬರುತ್ತದೆ.

ಮೂರನೆಯ ತೊಡಕು ಕಾಲದ್ದು. ಅಮೆರಿಕದ ಸೋಯಾ ವರ್ಷ ಸೆಪ್ಟೆಂಬರಿಗೆ ಶುರುವಾಗುತ್ತದೆ, ಕೆನಡಾದ ಕೆನೋಲಾ ವರ್ಷ ಆಗಸ್ಟಿಗೆ, ಅರ್ಜೆಂಟೀನಾದ ಸೋಯಾ ವರ್ಷ ಏಪ್ರಿಲಿಗೆ, ಭಾರತದ ಎಣ್ಣೆ ವರ್ಷ ನವೆಂಬರಿಗೆ. ವಿಶ್ವಸಂಸ್ಥೆಯ ಆಹಾರ ಸಂಸ್ಥೆಯ ಉತ್ಪಾದನಾ ಅಂಕಿಗಳು ಜನವರಿಯಿಂದ ಡಿಸೆಂಬರಿನ ಲೆಕ್ಕದಲ್ಲಿರುತ್ತವೆ. ಇಳುವರಿ ಸ್ಥಿರವಾಗಿರುವ ವರ್ಷಗಳಲ್ಲಿ ಇದರಿಂದ ಹೆಚ್ಚು ತೊಂದರೆಯಿಲ್ಲ. ಬರಗಾಲ ಬಂದ ವರ್ಷದಲ್ಲಿ ಒಂದು ಪಟ್ಟಿ ಕುಸಿತವನ್ನು ಒಂದು ವರ್ಷಕ್ಕೆ ಹಾಕುತ್ತದೆ, ಇನ್ನೊಂದು ಅದನ್ನೇ ಎರಡು ವರ್ಷಕ್ಕೆ ಹಂಚಿಬಿಡುತ್ತದೆ. ಅಂಕಿ ಸಂಗ್ರಹಿಸುವ ಕಚೇರಿಗಳೂ ಶಾಶ್ವತವಲ್ಲ. ಅಮೆರಿಕದ ಜನಗಣತಿ ಇಲಾಖೆ ಎಣ್ಣೆಕಾಳು ಕ್ರಷಿಂಗ್‌ನ ಮಾಸಿಕ ವರದಿಯನ್ನು 2011ರಲ್ಲಿ ಖರ್ಚು ಉಳಿಸಲೆಂದು ನಿಲ್ಲಿಸಿತು. ಕೃಷಿ ಇಲಾಖೆಯ ಅಂಕಿಅಂಶ ವಿಭಾಗ ಅದನ್ನು ಮತ್ತೆ ಕೈಗೆತ್ತಿಕೊಂಡದ್ದು 2015ರಲ್ಲಿ. ನಡುವಿನ ವರ್ಷಗಳಲ್ಲಿ ಮಿಲ್ ಮಾಲೀಕರ ಸಂಘ ತನ್ನ ಸದಸ್ಯರಿಂದ ಪಡೆದ ಅಂಕಿಯೇ ಮುಖ್ಯ ಆಧಾರವಾಗಿತ್ತು. ಜಗತ್ತಿನ ಅತ್ಯಂತ ಅಚ್ಚುಕಟ್ಟಾದ ಕೃಷಿ ಅಂಕಿಅಂಶ ವ್ಯವಸ್ಥೆಯಲ್ಲೂ ಇಂಥ ಬಿರುಕಿದೆ ಎಂದ ಮೇಲೆ ಉಳಿದ ದೇಶಗಳ ಉದ್ದನೆಯ ಸರಣಿಗಳನ್ನು ಎಚ್ಚರಿಕೆಯಿಂದ ಓದಬೇಕು.

ಈಗ ಇತಿಹಾಸ. ಕಾಳು ಒಂದು ಕಡೆ ಬೆಳೆದು ಇನ್ನೊಂದು ಕಡೆ ಅರೆಯಲ್ಪಡುವುದು ಹೊಸ ಸಂಗತಿಯೇನಲ್ಲ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಭಾರತ ಜಗತ್ತಿನ ದೊಡ್ಡ ಎಣ್ಣೆಕಾಳು ರಫ್ತುದಾರ ದೇಶಗಳಲ್ಲೊಂದು. ಅಗಸೆ ಇಂಗ್ಲೆಂಡಿನ ಹಲ್ ಬಂದರಿಗೆ ಹೋಗುತ್ತಿತ್ತು. ಪುದುಚೇರಿ ಮತ್ತು ಮದ್ರಾಸಿನ ಕರಾವಳಿಯಿಂದ ಶೇಂಗಾ ಫ್ರಾನ್ಸಿನ ಮಾರ್ಸೇಲ್‌ಗೆ ಹೋಗುತ್ತಿತ್ತು. ಮಾರ್ಸೇಲ್‌ನ ಮಿಲ್ಲುಗಳು ಆಫ್ರಿಕಾದ ಸೆನೆಗಲ್ ಮತ್ತು ನಮ್ಮ ಕೋರಮಂಡಲ ತೀರದ ಶೇಂಗಾವನ್ನು ಅರೆದು ಎಣ್ಣೆಯನ್ನು ಸಾಬೂನಿಗೂ ಅಡುಗೆಗೂ ಕಳಿಸುತ್ತಿದ್ದವು. ಹಿಂಡಿ ಯುರೋಪಿನ ದನದ ಕೊಟ್ಟಿಗೆ ಸೇರುತ್ತಿತ್ತು. ಯುರೋಪಿನ ಅನೇಕ ದೇಶಗಳು ಕಾಳಿಗೆ ಸುಂಕವಿಲ್ಲದೆ ಬಾಗಿಲು ತೆರೆದು ಎಣ್ಣೆಗೆ ಸುಂಕ ಹಾಕುತ್ತಿದ್ದವು. ಕಚ್ಚಾ ಸರಕಿಗೆ ಕಡಿಮೆ, ಅದರಿಂದ ತಯಾರಾದ ಸರಕಿಗೆ ಹೆಚ್ಚು ಎಂಬ ಈ ಏಣಿ ಸುಂಕ ಆ ಕಾಲದಲ್ಲಿ ಬೆಳೆಯುವವನ ಊರಿನಲ್ಲಿ ಮಿಲ್ಲು ಏಳದಂತೆ ತಡೆಯಿತು. 1893ರಲ್ಲಿ ಭಾರತದ ಕೃಷಿಯ ಕುರಿತು ವರದಿ ಕೊಟ್ಟ ಜಾನ್ ಅಗಸ್ಟಸ್ ವೋಲ್ಕರ್, ಎಣ್ಣೆಕಾಳು ಹೊರದೇಶಕ್ಕೆ ಹೋಗುವುದೆಂದರೆ ಈ ನೆಲಕ್ಕೆ ಹಿಂತಿರುಗಬೇಕಾದ ಗೊಬ್ಬರವೂ ಹೋಗುವುದೆಂದು ಗುರುತಿಸಿದ್ದ. ನಂತರದ ದಶಕಗಳ ಅಧಿಕೃತ ಚರ್ಚೆಗಳಲ್ಲೂ ಹಿಂಡಿಯ ಪ್ರಶ್ನೆ ಮತ್ತೆ ಮತ್ತೆ ಎದ್ದಿತು. ನಮ್ಮ ಹಿಂದಿನ ತಲೆಮಾರಿನವರು ಕಂಡಿದ್ದ ಈ ವಿಷಯವನ್ನು ಸ್ವತಂತ್ರ ಭಾರತದ ಎಣ್ಣೆ ನೀತಿ ಕ್ರಮೇಣ ಕೈಬಿಟ್ಟಿತು ಎಂಬುದು ನನಗೆ ನೋವಿನ ಸಂಗತಿ.

ಸೋಯಾದ ಕಥೆ ಮಂಚೂರಿಯಾದಿಂದ ಆರಂಭವಾಗುತ್ತದೆ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಅಲ್ಲಿಯ ದಾಲಿಯನ್ ಬಂದರಿನ ಮಿಲ್ಲುಗಳು ಸೋಯಾ ಅರೆದು, ಹಿಂಡಿಯನ್ನು ಜಪಾನಿನ ಗದ್ದೆಗಳಿಗೆ ಗೊಬ್ಬರವಾಗಿ ಕಳಿಸುತ್ತಿದ್ದವು. ಅಮೆರಿಕದ ಇಲಿನಾಯ್ ರಾಜ್ಯದ ಡೆಕೇಟರ್ ಊರಿನಲ್ಲಿ 1922ರಲ್ಲಿ ಸ್ಟೇಲಿ ಕಂಪನಿ ಸೋಯಾ ಅರೆಯಲು ಶುರುಮಾಡಿತು. ಎರಡನೆಯ ಮಹಾಯುದ್ಧದ ನಂತರ ಅಮೆರಿಕಕ್ಕೆ ಸಮನಾಗಿ ನಿಲ್ಲುವವರೇ ಇರಲಿಲ್ಲ. ಕೋಳಿ ಮತ್ತು ಹಂದಿ ಸಾಕಣೆ ಕೈಗಾರಿಕೆಯ ಮಟ್ಟಕ್ಕೆ ಬೆಳೆದಂತೆ ಹಿಂಡಿಗೆ ಬೇಡಿಕೆ ಬೆಳೆಯಿತು, ಹಿಂಡಿಗಾಗಿ ಮಿಲ್ಲುಗಳು ಬೆಳೆದವು, ಎಣ್ಣೆಗೆ ಮಾರುಕಟ್ಟೆ ಆಮೇಲೆ ಹುಡುಕಬೇಕಾಯಿತು. 1972ರಲ್ಲಿ ಪೆರುವಿನ ಕಡಲಲ್ಲಿ ಆಂಚೊವಿ ಮೀನು ಕಡಿಮೆಯಾಗಿ ಮೀನಿನ ಪುಡಿ ಸಿಗದಾದಾಗ ಜಗತ್ತಿನ ಮೇವಿನ ಬೇಡಿಕೆಯೆಲ್ಲ ಸೋಯಾ ಹಿಂಡಿಯತ್ತ ತಿರುಗಿತು. ಬೆಲೆ ಏರಿತು. 1973ರ ಜೂನ್‌ನಲ್ಲಿ ಅಧ್ಯಕ್ಷ ನಿಕ್ಸನ್ ಸರ್ಕಾರ ಸೋಯಾ ರಫ್ತನ್ನೇ ತಡೆಯಿತು. ತಡೆ ಹೆಚ್ಚು ದಿನ ಉಳಿಯಲಿಲ್ಲ, ಆದರೆ ಅಮೆರಿಕದ ಕಾಳನ್ನೇ ನೆಚ್ಚಿದ್ದ ಜಪಾನ್ ಎಚ್ಚೆತ್ತುಕೊಂಡು ಬ್ರೆಜಿಲ್‌ನ ಸೆರಾಡೊ ಬಯಲಿನ ಅಭಿವೃದ್ಧಿಗೆ ಹಣ ಹೂಡಿತು. ಬ್ರೆಜಿಲ್‌ನ ಕೃಷಿ ಸಂಶೋಧನಾ ಸಂಸ್ಥೆ ಎಂಬ್ರಾಪ ಸ್ಥಾಪನೆಯಾದದ್ದೂ ಅದೇ 1973ರಲ್ಲಿ.

ಬ್ರೆಜಿಲ್ ಮತ್ತು ಅರ್ಜೆಂಟೀನಾವನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ನನ್ನ ವಾದದ ತಿರುಳು ಸಿಗುತ್ತದೆ. ನೆರೆಹೊರೆಯ ದೇಶಗಳು, ಬೆಳೆಯೂ ಅದೇ, ಕೊಳ್ಳುವವರೂ ಹೆಚ್ಚುಕಡಿಮೆ ಅವರೇ. 1990ರ ದಶಕದ ಮಧ್ಯಭಾಗದಲ್ಲಿ ಬ್ರೆಜಿಲ್ ತಾನು ಬೆಳೆದ ಸೋಯಾದಲ್ಲಿ ಬಹುಪಾಲನ್ನು ತಾನೇ ಅರೆಯುತ್ತಿತ್ತು. 1996ರಲ್ಲಿ ಕಾಂದಿರ್ ಕಾಯ್ದೆ ಬಂದು ಕಚ್ಚಾ ಕೃಷಿ ಸರಕಿನ ರಫ್ತಿಗೆ ರಾಜ್ಯ ತೆರಿಗೆಯಿಂದ ವಿನಾಯಿತಿ ಕೊಟ್ಟಿತು. ದೇಶದೊಳಗೆ ಒಂದು ರಾಜ್ಯದಿಂದ ಇನ್ನೊಂದು ರಾಜ್ಯದ ಮಿಲ್ಲಿಗೆ ಹೋಗುವ ಕಾಳಿಗೆ ತೆರಿಗೆಯ ಹೊರೆ ಉಳಿಯಿತು. ಕಾಳು ಹಡಗು ಹತ್ತುವುದೇ ಲಾಭದಾಯಕವಾಯಿತು. ಇಂದು ಬ್ರೆಜಿಲ್ 15 ಕೋಟಿ ಟನ್ನಿಗೂ ಹೆಚ್ಚು ಸೋಯಾ ಬೆಳೆಯುವ ದೇಶ, ಬೆಳೆಯುವುದರಲ್ಲಿ ಅದೇ ಮೊದಲು. ಅರೆಯುವುದು ಅದರ ಮೂರನೇ ಒಂದು ಭಾಗದಷ್ಟನ್ನು. ಅರ್ಜೆಂಟೀನಾ ತದ್ವಿರುದ್ಧ ದಾರಿ ಹಿಡಿಯಿತು. 2007ರ ಕೊನೆಯಿಂದ ಹಲವು ವರ್ಷ ಅಲ್ಲಿ ಕಾಳಿನ ರಫ್ತಿಗೆ ಶೇ. 35, ಎಣ್ಣೆ ಮತ್ತು ಹಿಂಡಿಯ ರಫ್ತಿಗೆ ಶೇ. 32 ತೆರಿಗೆಯಿತ್ತು. ಮೂರು ಅಂಶದ ವ್ಯತ್ಯಾಸ ನಮಗೆ ಅಲ್ಪವೆನಿಸಬಹುದು. ಕ್ರಷಿಂಗ್‌ನ ಲಾಭವೇ ಅಷ್ಟು ತೆಳುವಾಗಿರುವ ವ್ಯಾಪಾರದಲ್ಲಿ ಅದು ಒಂದು ಕೈಗಾರಿಕೆಯನ್ನೇ ಕಟ್ಟಿತು. ಪರಾನಾ ನದಿಯ ದಡದಲ್ಲಿ, ರೊಸಾರಿಯೊ ನಗರದ ಮೇಲೂ ಕೆಳಗೂ, ದಿನಕ್ಕೆ ಸಾವಿರಾರು ಟನ್ ಅರೆಯುವ ಮಿಲ್ಲುಗಳು ಸಾಲಾಗಿ ಎದ್ದಿವೆ. ಮಿಲ್ಲಿನ ಹಿಂಬಾಗಿಲಿಗೆ ಲಾರಿಯಲ್ಲಿ ಕಾಳು ಬರುತ್ತದೆ, ಮುಂಬಾಗಿಲಿನ ಜೆಟ್ಟಿಯಲ್ಲಿ ಸಾಗರದ ಹಡಗು ಎಣ್ಣೆ, ಹಿಂಡಿ ತುಂಬಿಕೊಳ್ಳುತ್ತದೆ. ಮೇಲ್ಭಾಗದ ಪರಾಗ್ವೆಯಿಂದ ದೋಣಿಸಾಲುಗಳಲ್ಲಿ ಕಾಳು ಇಳಿದು ಬರುತ್ತದೆ.

2022–23ರ ಭೀಕರ ಬರ ಈ ಕೈಗಾರಿಕೆಯನ್ನು ಪರೀಕ್ಷೆಗೆ ಒಡ್ಡಿತು. ಅರ್ಜೆಂಟೀನಾದ ಸೋಯಾ ಬೆಳೆ ಸುಮಾರು 2.5 ಕೋಟಿ ಟನ್ನಿಗೆ ಕುಸಿಯಿತು, ಸಾಮಾನ್ಯ ವರ್ಷದ ಸುಮಾರು ಅರ್ಧಕ್ಕೆ. ಮಿಲ್ಲುಗಳು ಆ ವರ್ಷವೂ ಸುಮಾರು 3 ಕೋಟಿ ಟನ್ ಅರೆದವು, ಬೆಳೆದದ್ದಕ್ಕಿಂತ ಹೆಚ್ಚು. ಬಾಕಿ ಕಾಳು ಪರಾಗ್ವೆ ಮತ್ತು ಬ್ರೆಜಿಲ್‌ನಿಂದ ಬಂತು. ಹೊಲ ಒಣಗಿದರೂ ಗಾಣ ತಿರುಗಿತು. ಅರೆದ ಪ್ರಮಾಣ ಬೆಳೆಯ ಪ್ರಮಾಣದಿಂದ ಬೇರೆಯಾಗಿ ನಿಲ್ಲಬಲ್ಲದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ನನಗೆ ಗೊತ್ತಿಲ್ಲ.

ಉಕ್ರೇನಿನದೂ ಇದೇ ಬಗೆಯ ಕಥೆ, ನಮ್ಮ ಅಡುಗೆಮನೆಗೆ ಇನ್ನೂ ಹತ್ತಿರದ್ದು. 1990ರ ದಶಕದಲ್ಲಿ ಅಲ್ಲಿಯ ಸೂರ್ಯಕಾಂತಿ ಕಾಳು ಹೊರದೇಶದ ಮಿಲ್ಲುಗಳಿಗೆ ಹರಿದುಹೋಗುತ್ತಿತ್ತು. 1999ರಲ್ಲಿ ಕಾಳಿನ ರಫ್ತಿಗೆ ಶೇ. 23ರಷ್ಟು ಸುಂಕ ಬಿತ್ತು. ಮುಂದೆ ಅದನ್ನು ಇಳಿಸಲಾಯಿತು, 2008ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆ ಸೇರಿದ ಮೇಲೆ ಹಂತಹಂತವಾಗಿ ಶೇ. 10ಕ್ಕೆ ತಂದರು. ಅಷ್ಟರೊಳಗೆ ಮಿಲ್ಲುಗಳು ನೆಲೆಯೂರಿದ್ದವು. ಇಂಥ ಸುಂಕದ ಭಾರ ರೈತನ ಬೆಲೆಯ ಮೇಲೆ ಬಿದ್ದು ಅವನು ಬೆಳೆಯನ್ನೇ ಬಿಡಬಹುದು ಎಂಬುದು ಇದಕ್ಕಿರುವ ಗಂಭೀರ ಆಕ್ಷೇಪಣೆ, ಅದನ್ನು ತಳ್ಳಿಹಾಕುವಂತಿಲ್ಲ. ಉಕ್ರೇನಿನಲ್ಲಿ ಹಾಗಾಗಲಿಲ್ಲ. 1999ರಲ್ಲಿ 30 ಲಕ್ಷ ಟನ್ನಿನ ಒಳಗಿದ್ದ ಸೂರ್ಯಕಾಂತಿ ಉತ್ಪಾದನೆ 2021ರಲ್ಲಿ 1.6 ಕೋಟಿ ಟನ್ ದಾಟಿತ್ತು, ಬಹುತೇಕ ಎಲ್ಲವೂ ದೇಶದೊಳಗೇ ಅರೆಯಲ್ಪಡುತ್ತಿತ್ತು. 2022ರ ಫೆಬ್ರುವರಿಯಲ್ಲಿ ಯುದ್ಧ ಶುರುವಾಗಿ ಕಪ್ಪು ಸಮುದ್ರದ ಬಂದರುಗಳು ಮುಚ್ಚಿದ ಕೆಲವೇ ದಿನಗಳಲ್ಲಿ ಬೆಂಗಳೂರಿನ ಅಂಗಡಿಗಳಲ್ಲಿ ಸನ್‌ಫ್ಲವರ್ ಎಣ್ಣೆಯ ಬೆಲೆ ಏರಿದ್ದು ನಿಮಗೆಲ್ಲ ನೆನಪಿರಬಹುದು.

ಚೀನಾಕ್ಕೆ ಬರೋಣ. 1990ರ ದಶಕದ ಮಧ್ಯದವರೆಗೂ ಚೀನಾ ಸೋಯಾ ರಫ್ತು ಮಾಡುತ್ತಿದ್ದ ದೇಶ. ಮುಂದೆ ಆ ಸರ್ಕಾರ ಒಂದು ಸ್ಪಷ್ಟ ಲೆಕ್ಕ ಹಾಕಿತು. ಜನ ಹಂದಿಮಾಂಸ ಹೆಚ್ಚು ತಿನ್ನಲಿದ್ದಾರೆ, ಹಂದಿಗೆ ಹಿಂಡಿ ಬೇಕು, ಎಣ್ಣೆಯೂ ಬೇಕು. ಕಾಳು ತರಿಸಿಕೊಂಡರೆ ಎರಡೂ ಸಿಗುತ್ತವೆ, ಅರೆಯುವ ಕೆಲಸವೂ ನಮ್ಮಲ್ಲೇ ಉಳಿಯುತ್ತದೆ. ಕಾಳಿನ ಆಮದು ಸುಂಕ ಶೇ. 3 ಮಾತ್ರ, ಸೋಯಾ ಎಣ್ಣೆಗೆ ಶೇ. 9. 2001ರ ಡಿಸೆಂಬರಿನಲ್ಲಿ ವಿಶ್ವ ವ್ಯಾಪಾರ ಸಂಸ್ಥೆ ಸೇರಿದ ಮೇಲೂ ಈ ಏಣಿ ಮುರಿಯಲಿಲ್ಲ. ಕರಾವಳಿಯುದ್ದಕ್ಕೂ ದೈತ್ಯ ಮಿಲ್ಲುಗಳು ಎದ್ದವು. 2000–01ರಲ್ಲಿ 2 ಕೋಟಿ ಟನ್ನಿನ ಒಳಗಿದ್ದ ಸೋಯಾ ಕ್ರಷಿಂಗ್ 2010ರ ಆಸುಪಾಸಿನಲ್ಲಿ ಅಮೆರಿಕವನ್ನು ಹಿಂದೆ ಹಾಕಿ, 2020ರ ನಂತರ 9 ಕೋಟಿ ಟನ್ ಮೀರಿತು. ಇದಕ್ಕೆ ಚೀನಾ ಬೆಲೆಯನ್ನೂ ತೆತ್ತಿದೆ. 2004ರಲ್ಲಿ ಅಂತಾರಾಷ್ಟ್ರೀಯ ಬೆಲೆ ಏರಿ ಇಳಿದ ಹೊಡೆತಕ್ಕೆ ಎಷ್ಟೋ ದೇಶೀ ಮಿಲ್ಲುಗಳು ದಿವಾಳಿಯೆದ್ದು ಬಹುರಾಷ್ಟ್ರೀಯ ಕಂಪನಿಗಳ ಪಾಲಾದವು. ಈಶಾನ್ಯದ ಹೈಲಾಂಗ್‌ಜಿಯಾಂಗ್ ಪ್ರಾಂತದ ಸೋಯಾ ರೈತರು ಆಮದು ಕಾಳಿನ ಎದುರು ಸೊರಗಿದರು. ತೋಫು ಮತ್ತಿತರ ಆಹಾರಕ್ಕೆ ಹೋಗುವ ದೇಶೀ ಕಾಳೊಂದು ಲೋಕ, ಮಿಲ್ಲಿಗೆ ಹೋಗುವ ಆಮದು ಕಾಳು ಇನ್ನೊಂದು ಲೋಕ ಎಂಬಂತೆ ಬೆಳೆ ಎರಡಾಗಿ ಒಡೆಯಿತು. ಚೀನಾದ ದಾರಿ ಆದರ್ಶ ಎಂದು ನಾನು ಹೇಳುತ್ತಿಲ್ಲ. ಯಾವುದು ಒಳಗೆ ಬರಬೇಕು, ಯಾವುದು ಒಳಗೆ ತಯಾರಾಗಬೇಕು ಎಂದು ಆ ದೇಶ ಹಿಂಡಿಯನ್ನೂ ಲೆಕ್ಕಕ್ಕೆ ತೆಗೆದುಕೊಂಡು ನಿರ್ಧರಿಸಿತು, ಅದನ್ನು ಗಮನಿಸಬೇಕು ಎನ್ನುತ್ತಿದ್ದೇನೆ.

ಭಾರತ ಏನು ಮಾಡಿತು? 1986ರಲ್ಲಿ ಎಣ್ಣೆಕಾಳು ತಂತ್ರಜ್ಞಾನ ಮಿಷನ್ ಆರಂಭವಾಯಿತು. 1985–86ರಲ್ಲಿ 108 ಲಕ್ಷ ಟನ್ ಇದ್ದ ಉತ್ಪಾದನೆ 1993–94ರ ಹೊತ್ತಿಗೆ 215 ಲಕ್ಷ ಟನ್ ಆಯಿತು. ಆಮದು ನಗಣ್ಯ ಮಟ್ಟಕ್ಕೆ ಇಳಿಯಿತು. ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ ವರ್ಗೀಸ್ ಕುರಿಯನ್ ಅವರ ನೇತೃತ್ವದಲ್ಲಿ ಎಣ್ಣೆಯ ಮಾರುಕಟ್ಟೆಗೆ ಇಳಿದು ಧಾರಾ ಹೆಸರಿನಲ್ಲಿ ಮಾರಿತು. ನಮ್ಮ ರಾಜ್ಯದ ಎಣ್ಣೆಬೀಜ ಬೆಳೆಗಾರರ ಸಹಕಾರ ಮಹಾಮಂಡಳವೂ ಆ ಯುಗದ ಕೂಸು. ಸೂರ್ಯಕಾಂತಿ ದೇಶದಲ್ಲಿ 26 ಲಕ್ಷ ಹೆಕ್ಟೇರಿನ ಸುತ್ತಮುತ್ತ ಹರಡಿತ್ತು, ಅದರಲ್ಲಿ ಕರ್ನಾಟಕದ್ದೇ ಎಲ್ಲಕ್ಕಿಂತ ದೊಡ್ಡ ಪಾಲು. ಬಳ್ಳಾರಿ, ರಾಯಚೂರು, ಚಿತ್ರದುರ್ಗದ ಒಣ ಹೊಲಗಳು ಹಳದಿಯಾಗಿದ್ದ ಕಾಲ ಅದು. ಎಣ್ಣೆ ನಗರ ಎಂದು ಹೆಸರಾದ ಚಳ್ಳಕೆರೆಯಲ್ಲಿ ಮಿಲ್ಲುಗಳ ಸದ್ದು ನಿಲ್ಲುತ್ತಿರಲಿಲ್ಲ.

1994ರಲ್ಲಿ ಪಾಮೋಲಿನ್ ಆಮದಿಗೂ 1995ರಲ್ಲಿ ಉಳಿದ ಬಹುತೇಕ ಖಾದ್ಯತೈಲಗಳಿಗೂ ಬಾಗಿಲು ತೆರೆಯಿತು. 1995ರಲ್ಲಿ ಶೇ. 30 ಇದ್ದ ಸುಂಕ 1998ರ ಹೊತ್ತಿಗೆ ಶೇ. 15ಕ್ಕೆ ಇಳಿಯಿತು. ಸೋಯಾ ಎಣ್ಣೆಗೆ ಶೇ. 45ಕ್ಕಿಂತ ಹೆಚ್ಚು ಸುಂಕ ಹಾಕುವುದಿಲ್ಲ ಎಂದು ನಾವು ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಮಾತು ಕೊಟ್ಟಿದ್ದೆವು, ತಾಳೆ ಎಣ್ಣೆಗೆ ಆ ಮಿತಿ ಶೇ. 300. ಕೈಯಲ್ಲಿದ್ದ ಆ ದೊಡ್ಡ ಅವಕಾಶವನ್ನು ಸ್ಥಿರವಾಗಿ ಬಳಸಲಿಲ್ಲ. ಬೆಲೆ ಏರಿದಾಗ ಸುಂಕ ಇಳಿಸುವುದು, ಬೆಲೆ ಬಿದ್ದಾಗ ಏರಿಸುವುದು ರೂಢಿಯಾಯಿತು. 2008ರಲ್ಲಿ ಕಚ್ಚಾ ಎಣ್ಣೆಯ ಸುಂಕ ಸೊನ್ನೆಗೇ ಬಂತು. ಇತ್ತ ಸೋಯಾ ಕಾಳಿನ ಆಮದಿಗೆ ಆಗ ಶೇ. 30 ಸುಂಕವಿತ್ತು, ಕುಲಾಂತರಿ ಕಾಳಿಗೆ ಅನುಮತಿಯೇ ಇರಲಿಲ್ಲ. ಚೀನಾದ ಏಣಿ ಕಾಳಿನ ಕಡೆಗೆ ಇಳಿಜಾರಾಗಿದ್ದರೆ ನಮ್ಮದು ಎಣ್ಣೆಯ ಕಡೆಗೆ. ಹೀಗಾಗಿ ನಮ್ಮಲ್ಲಿ ಹೊಸ ಬಂಡವಾಳ ಹೋದದ್ದು ಬಂದರಿನ ರಿಫೈನರಿಗಳಿಗೆ. ಕಾಂಡ್ಲಾ, ಕಾಕಿನಾಡ, ಕೃಷ್ಣಪಟ್ಟಣಂ, ಹಲ್ದಿಯಾ, ನಮ್ಮ ಮಂಗಳೂರು. ಹಡಗಿನಿಂದ ಇಳಿದ ಕಚ್ಚಾ ಎಣ್ಣೆಯನ್ನು ಶುದ್ಧೀಕರಿಸಿ ಪಾಕೀಟು ತುಂಬುವ ಕೆಲಸ ಅಲ್ಲಿ ನಡೆಯುತ್ತದೆ. ಅಲ್ಲಿ ಹಿಂಡಿ ಹುಟ್ಟುವುದಿಲ್ಲ.

ಒಳನಾಡಿನ ಮಿಲ್ಲುಗಳ ಕೈ ಕಟ್ಟಿಹಾಕಿದ್ದ ಇನ್ನೊಂದು ಕಟ್ಟಳೆಯನ್ನೂ ಹೇಳಬೇಕು. ಶೇಂಗಾ ಎಣ್ಣೆ ಮತ್ತು ಸಾಸಿವೆ ಎಣ್ಣೆ, ಸಾಲ್ವೆಂಟ್ ವಿಧಾನದ್ದು ಹೊರತು, ಸಣ್ಣ ಕೈಗಾರಿಕೆಗಳಿಗೆ ಮೀಸಲಾಗಿದ್ದವು. ಮೀಸಲು ಪಟ್ಟಿಯಲ್ಲಿ ಕೊನೆಯವರೆಗೆ ಉಳಿದಿದ್ದ ಇಪ್ಪತ್ತು ಸರಕುಗಳಲ್ಲಿ ಇವೆರಡೂ ಇದ್ದವು, 2015ರ ಏಪ್ರಿಲ್‌ನಲ್ಲಿ ಮೀಸಲು ರದ್ದಾಯಿತು. ಸಣ್ಣವರನ್ನು ಕಾಪಾಡುವ ಉದ್ದೇಶ ಗೌರವಾರ್ಹವೇ. ಆದರೆ ಅತ್ತ ಪರಾನಾ ತೀರದ ಮಿಲ್ಲು ದಿನಕ್ಕೆ ಸಾವಿರಾರು ಟನ್ ಅರೆಯುತ್ತಿದ್ದಾಗ ಇತ್ತ ನಮ್ಮ ಮಿಲ್ಲಿನವನು ಆ ಎಣ್ಣೆಯ ಎದುರು ಇಪ್ಪತ್ತು ವರ್ಷ ಸೆಣಸಬೇಕಾಯಿತು. ಸೂರ್ಯಕಾಂತಿಗೆ ರೋಗವೂ ಬಂತು. ನೆಕ್ರೋಸಿಸ್ ಎಂಬ ನಂಜು ರೋಗ 1997ರಲ್ಲಿ ಮೊದಲು ಕಾಣಿಸಿಕೊಂಡದ್ದು ನಮ್ಮ ಬಾಗೇಪಲ್ಲಿ ಭಾಗದಲ್ಲೇ. ರೋಗ, ಬೆಲೆ ಕುಸಿತ ಎರಡೂ ಸೇರಿ ರೈತ ಮೆಕ್ಕೆಜೋಳ, ಹತ್ತಿಗೆ ಹೊರಳಿದ. ದೇಶದ ಸೂರ್ಯಕಾಂತಿ ಈಗ 2–3 ಲಕ್ಷ ಹೆಕ್ಟೇರಿನ ಆಸುಪಾಸಿನಲ್ಲಿದೆ. ಅದೇ ಎಣ್ಣೆಯನ್ನು ನಾವು ಉಕ್ರೇನ್, ರಷ್ಯಾ, ಅರ್ಜೆಂಟೀನಾಗಳಿಂದ ಕೊಳ್ಳುತ್ತಿದ್ದೇವೆ.

ಅಗ್ಗದ ಎಣ್ಣೆಯಿಂದ ಬಡವರ ಒಲೆಗೆ ಅನುಕೂಲವಾಯಿತಲ್ಲ ಎಂಬ ಮಾತು ನಿಜ, ಅದನ್ನು ಹಗುರವಾಗಿ ಕಾಣಬಾರದು. ತಲಾ ಎಣ್ಣೆ ಬಳಕೆ ಹೆಚ್ಚಿದ್ದು ಬಹುಮಟ್ಟಿಗೆ ಪಾಮೋಲಿನ್‌ನಿಂದಲೇ. ನಮ್ಮಲ್ಲಿ ಚೀನಾದಷ್ಟು ಹಂದಿಗಳಿಲ್ಲ, ಅಷ್ಟು ಹಿಂಡಿ ಯಾರಿಗೆ ಬೇಕಿತ್ತು ಎಂಬ ಪ್ರಶ್ನೆಯೂ 1990ರ ದಶಕದ ಮಟ್ಟಿಗೆ ಸಮಂಜಸವೇ. ನಾವು ಸೋಯಾ ಹಿಂಡಿಯನ್ನು ಆಗ್ನೇಯ ಏಷ್ಯಾಕ್ಕೆ ರಫ್ತು ಮಾಡುತ್ತಿದ್ದೆವು. ಆದರೆ ಕಾಲ ನಿಲ್ಲಲಿಲ್ಲ. ಕೋಳಿ ಸಾಕಣೆ ಬೆಳೆಯಿತು, ಹಾಲಿನ ಒಕ್ಕೂಟಗಳ ಪಶು ಆಹಾರ ಘಟಕಗಳು ಬೆಳೆದವು. 2021ರಲ್ಲಿ ಸೋಯಾ ಹಿಂಡಿಯ ಬೆಲೆ ಕೈಮೀರಿ ಹೋಗಿ, ಕುಲಾಂತರಿ ಕಾಳನ್ನು ಒಳಗೆ ಬಿಡದ ದೇಶವೇ ಆ ಆಗಸ್ಟಿನಲ್ಲಿ ಕುಲಾಂತರಿ ಸೋಯಾದ ಹಿಂಡಿ 12 ಲಕ್ಷ ಟನ್ ತರಿಸಲು ಅನುಮತಿ ಕೊಡಬೇಕಾಯಿತು. ಎಣ್ಣೆಯ ಮೇಲಷ್ಟೇ ಕಣ್ಣಿಟ್ಟು ರೂಪಿಸಿದ ನೀತಿಗೆ ಹಿಂಡಿ ಕೊಟ್ಟ ಉತ್ತರ ಅದು.

ಹಿಂಡಿ ಎಳೆಯುತ್ತಿದ್ದ ಗಾಣವನ್ನು ಈಗ ಕೆಲವು ದೇಶಗಳಲ್ಲಿ ಎಣ್ಣೆ ಎಳೆಯುತ್ತಿದೆ. ಅಮೆರಿಕದಲ್ಲಿ ಸೋಯಾ ಎಣ್ಣೆಯ ಹತ್ತಿರ ಅರ್ಧ ಇಂಧನಕ್ಕೆ ಹೋಗುತ್ತಿದೆ. 2023–24ರಲ್ಲಿ ಅಲ್ಲಿ ಅರೆದ ಸೋಯಾ ಸುಮಾರು 6.2 ಕೋಟಿ ಟನ್. 1990–91ರಲ್ಲಿ ಅದು ಸುಮಾರು 3.2 ಕೋಟಿ ಟನ್ ಇತ್ತು. ಈ ಹೊಸ ಕ್ರಷಿಂಗ್‌ನಿಂದ ಹುಟ್ಟುವ ಹಿಂಡಿ ಜಗತ್ತಿನ ಮಾರುಕಟ್ಟೆಗೆ ಸುರಿಯುತ್ತಿದೆ, ಬೆಲೆ ಕುಗ್ಗಿಸುತ್ತಿದೆ. ಒಂದೇ ಅಂಕಿ ಎರಡು ಕಾಲದಲ್ಲಿ ಎರಡು ಬೇರೆ ಕಾರಣಗಳಿಂದ ಏರಬಹುದು ಎಂಬುದನ್ನು ಕಾಲಾನುಕ್ರಮದ ಹೋಲಿಕೆ ಮಾಡುವವರು ಮರೆಯಬಾರದು.

ಹಿಂಡಿಯ ಈ ಬೆಲೆ ಕುಸಿತದ ಪರಿಣಾಮ ನಮ್ಮ ಬೀದರ್ ಜಿಲ್ಲೆಯ ಸೋಯಾ ರೈತನವರೆಗೂ ಬಂದು ತಲುಪಿತು. 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಕಚ್ಚಾ ಖಾದ್ಯತೈಲದ ಮೂಲ ಸುಂಕವನ್ನು ಸೊನ್ನೆಯಿಂದ ಶೇ. 20ಕ್ಕೆ ಏರಿಸಿತು. ಎಣ್ಣೆಯ ಬೆಲೆ ಏರಿತು. ಸೋಯಾ ಕಾಳಿನ ಬೆಂಬಲ ಬೆಲೆ ಆ ವರ್ಷ ಕ್ವಿಂಟಲಿಗೆ 4,892 ರೂಪಾಯಿ, ಮಾರುಕಟ್ಟೆಯಲ್ಲಿ ಬೆಲೆ ಅದರ ಕೆಳಗೇ ಉಳಿಯಿತು. ಕಾರಣ ಸರಳ. ನೂರು ಕಿಲೋ ಕಾಳಿನಲ್ಲಿ ಎಣ್ಣೆ 18 ಕಿಲೋ, ಹಿಂಡಿ 80 ಕಿಲೋ. ಹೊರಗೆ ಹಿಂಡಿಯ ಬೆಲೆ ಬಿದ್ದಿತ್ತು. ಒಳಗೆ ಅಕ್ಕಿ, ಮೆಕ್ಕೆಜೋಳದಿಂದ ಎಥೆನಾಲ್ ತೆಗೆದ ಮೇಲೆ ಉಳಿಯುವ ಒಣ ಚರಟ ಕೋಳಿ ಮೇವಿನಲ್ಲಿ ಸೋಯಾ ಹಿಂಡಿಯ ಜಾಗ ಹಿಡಿಯುತ್ತಿತ್ತು. 18 ಕಿಲೋದ ಬೆಲೆ ಏರಿಸಿದ ಸುಂಕ 80 ಕಿಲೋದ ಬೆಲೆ ಕುಸಿತವನ್ನು ತಡೆಯಲಿಲ್ಲ. 2025ರ ಮೇ ಕೊನೆಯಲ್ಲಿ ಕಚ್ಚಾ ಎಣ್ಣೆಯ ಸುಂಕವನ್ನು ಮತ್ತೆ ಶೇ. 10ಕ್ಕೆ ಇಳಿಸಲಾಯಿತು. ಶುದ್ಧೀಕರಿಸಿದ ಎಣ್ಣೆಗೂ ಕಚ್ಚಾ ಎಣ್ಣೆಗೂ ಇರುವ ಅಂತರ ಅದರಿಂದ ಹೆಚ್ಚಿತು. ಬಂದರಿನ ರಿಫೈನರಿಗೆ ಅದು ರಕ್ಷಣೆ. ಕಾಳು ಅರೆಯುವ ಒಳನಾಡಿನ ಮಿಲ್ಲಿಗೆ ಅದರಿಂದ ಸಿಕ್ಕಿದ್ದೇನೂ ಇಲ್ಲ.

ನಮ್ಮ ದೇಶದ ಎಣ್ಣೆಕಾಳು ಎಲ್ಲೆಲ್ಲಿ ಎಷ್ಟು ಅರೆಯಲ್ಪಡುತ್ತಿದೆ ಎಂಬ ಲೆಕ್ಕ ಇಷ್ಟು ಕಾಲ ಮುಖ್ಯವಾಗಿ ಉದ್ಯಮದ ಸಂಘಗಳ ಅಂದಾಜಿನ ಮೇಲೆ ನಿಂತಿದೆ. 2025ರಲ್ಲಿ ಕೇಂದ್ರ ಸರ್ಕಾರ ಸಸ್ಯತೈಲ ಆದೇಶಕ್ಕೆ ತಿದ್ದುಪಡಿ ತಂದು, ಎಣ್ಣೆ ತಯಾರಕರು ನೋಂದಾಯಿಸಿಕೊಂಡು ಪ್ರತಿ ತಿಂಗಳು ಉತ್ಪಾದನೆ ಮತ್ತು ದಾಸ್ತಾನಿನ ವಿವರ ಕೊಡಬೇಕೆಂದಿದೆ. ಒಳ್ಳೆಯ ಹೆಜ್ಜೆ. ಆ ಮಾಸಿಕ ವಿವರದಲ್ಲಿ ಕಾಳುವಾರು ಅರೆದ ಪ್ರಮಾಣ, ಅದು ಸಿಪ್ಪೆಸಹಿತ ತೂಕವೋ ಬೀಜದ ತೂಕವೋ ಎಂಬ ಸ್ಪಷ್ಟನೆ, ಹೊರಬಂದ ಹಿಂಡಿಯ ಪ್ರಮಾಣ, ಆ ಹಿಂಡಿ ಮೇವಿಗೆ ಹೋಯಿತೋ ಸಾಲ್ವೆಂಟ್ ಘಟಕಕ್ಕೆ ಹೋಯಿತೋ ಎಂಬುದು ಸೇರಬೇಕು, ಜಿಲ್ಲಾವಾರು ಪ್ರಕಟವಾಗಬೇಕು ಎಂದು ಈ ವೇದಿಕೆಯಿಂದ ಒತ್ತಾಯಿಸುತ್ತೇನೆ.

2024ರ ಅಕ್ಟೋಬರಿನಲ್ಲಿ ಒಪ್ಪಿಗೆ ಪಡೆದ ಖಾದ್ಯತೈಲ–ಎಣ್ಣೆಕಾಳು ರಾಷ್ಟ್ರೀಯ ಮಿಷನ್ 10,103 ಕೋಟಿ ರೂಪಾಯಿ ವೆಚ್ಚದಲ್ಲಿ, 2022–23ರ 390 ಲಕ್ಷ ಟನ್ ಉತ್ಪಾದನೆಯನ್ನು 2030–31ಕ್ಕೆ 697 ಲಕ್ಷ ಟನ್ನಿಗೆ ಒಯ್ಯುವ ಗುರಿ ಇಟ್ಟುಕೊಂಡಿದೆ. ಹೆಚ್ಚುವರಿ 3 ಕೋಟಿ ಟನ್ನಿನಲ್ಲಿ ಅರ್ಧವಷ್ಟೇ ಮಿಲ್ಲಿಗೆ ಹೋಯಿತು, ಅದರಲ್ಲಿ ಅರ್ಧವಷ್ಟೇ ಹಿಂಡಿಯಾಯಿತು ಎಂದು ತೀರಾ ಕಡಿಮೆ ಲೆಕ್ಕ ಹಿಡಿದರೂ ಹೊಸದಾಗಿ ಹುಟ್ಟುವ ಹಿಂಡಿ 75 ಲಕ್ಷ ಟನ್. ಇಂದು ನಾವು ಎಲ್ಲ ಬಗೆಯ ಹಿಂಡಿ ಸೇರಿ ವರ್ಷಕ್ಕೆ ರಫ್ತು ಮಾಡುವುದು 40–50 ಲಕ್ಷ ಟನ್ನಿನ ಆಸುಪಾಸು. ಆ 75 ಲಕ್ಷ ಟನ್ನನ್ನು ಯಾವ ಜಿಲ್ಲೆಯ ಹಾಲಿನ ಒಕ್ಕೂಟ ಕೊಳ್ಳುತ್ತದೆ, ಯಾವ ಕೋಳಿ ಮೇವಿನ ಕಾರ್ಖಾನೆ ಕೊಳ್ಳುತ್ತದೆ, ಉಳಿದದ್ದು ಯಾವ ಬಂದರಿಗೆ ಯಾವ ಸಾಗಣೆ ದರದಲ್ಲಿ ಹೋಗುತ್ತದೆ ಎಂಬ ಲೆಕ್ಕವನ್ನು ಬಿತ್ತನೆ ಬೀಜ ಹಂಚುವ ಇಲಾಖೆಯೂ ಸುಂಕ ನಿಗದಿಪಡಿಸುವ ಇಲಾಖೆಯೂ ಒಂದೇ ಮೇಜಿನ ಮುಂದೆ ಕೂತು ಈಗಲೇ ಹಾಕಬೇಕಾಗಿದೆ.